ಬಳ್ಳಾರಿ ಸೀಮೆಯ ಹಿಂಗಾರಿನ ಹಬ್ಬಗಳು ಮತ್ತು ರೊಟ್ಟಿಯ ಚರಿತ್ರೆ

ಒಂದು ನಾಡಿನ ಚರಿತ್ರೆಯನ್ನು ಅರಿಯಲು ಶಾಸನ, ನಾಣ್ಯ, ಕೈಫಿಯತ್ತುಗಳು ಹೇಗೆ ಆಧಾರಗಳೋ, ಹಬ್ಬದ ದಿನ ಆ ನಾಡಿನ ಜನ ಏನನ್ನು ಬೇಯಿಸಿ ಎಡೆಮಾಡುವರೆಂಬುದೂ ಹಾಗೆಯೇ ಒಂದು ಆಧಾರ. ದಿನನಿತ್ಯದ ಊಟ ಕಾಲಕ್ಕೆ ತಕ್ಕಂತೆ ಬೇಗನೆ ಬದಲಾಗುತ್ತದೆ. ಹಬ್ಬದ ಎಡೆ ಬದಲಾಗುವುದು ಬಹು ತಡವಾಗಿ. ಬಳ್ಳಾರಿ ಸೀಮೆಯಲ್ಲಿ ಈ ಮಾತಿಗೆ ಸ್ಪಷ್ಟವಾದ ನಿದರ್ಶನವುಂಟು. ಸಿರುಗುಪ್ಪದ ಸುತ್ತಣ ನೆಲ ಇಂದು ಬತ್ತಕ್ಕೆ ಹೆಸರಾದದ್ದು. ಕಾಲುವೆಯ ನೀರು ಹರಿವ ಊರುಗಳಲ್ಲಿ ಅನ್ನವೇ ನಿತ್ಯದ ಊಟ. ಆದರೂ ಸಂಕ್ರಾಂತಿ ಬಂದಿತೆಂದರೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬೇಕೇ ಬೇಕು. ಗದ್ದೆಯಲ್ಲಿ ಬತ್ತವಿರುವಾಗ ಎಡೆಯಲ್ಲಿ ಸಜ್ಜೆ ಉಳಿದುಕೊಂಡದ್ದು ಏಕೆ ಎಂಬುದನ್ನು ವಿಚಾರಿಸಿದರೆ ಈ ಸೀಮೆಯ ಬೇಸಾಯದ ಚರಿತ್ರೆಯೊಂದಿಗೆ ಒಲೆಯ ಮುಂದೆ ದುಡಿದವರ ಚರಿತ್ರೆಯೂ ಕಾಣಿಸಿಕೊಳ್ಳುತ್ತದೆ.

ಬೆಟ್ಟದ ಮೇಲಣ ಮೊದಲ ಒಲೆ

ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಇವೆರಡೂ ದಕ್ಷಿಣ ಭಾರತದ ನವಶಿಲಾಯುಗದ ಪ್ರಸಿದ್ಧ ನೆಲೆಗಳು. ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರು ನಡೆಸಿದ ಉತ್ಖನನದ ಗ್ರಂಥ ೧೯೪೮ರಲ್ಲಿ ಪ್ರಕಟವಾಯಿತು. ತೆಕ್ಕಲಕೋಟೆಯ ಬೆಟ್ಟದ ನಿವಾಸಿಗಳನ್ನು ಕುರಿತ ಎಂ. ಎಸ್. ನಾಗರಾಜರಾವ್ ಅವರ ಗ್ರಂಥ ೧೯೬೫ರಲ್ಲಿ ಹೊರಬಂದಿತು. ಮುಂದೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದ ವಿದ್ವಾಂಸರು ಸಂಗನಕಲ್ಲಿನ ಮಣ್ಣನ್ನು ನೀರಿನಲ್ಲಿ ತೊಳೆದು, ಕರಿಕಾಗಿ ಉಳಿದಿದ್ದ ಕಾಳುಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಇಲ್ಲಿದ್ದ ಜನರ ಮುಖ್ಯ ಆಹಾರ ಕೊರಲೆಯಂಥ ಕಿರುಧಾನ್ಯ, ಹುರುಳಿ ಮತ್ತು ಹೆಸರು ಎಂಬುದು ಆಗ ತಿಳಿದುಬಂದಿತು. ಬಂಡೆಗಳ ಮೇಲೆ ಅರೆದು ಅರೆದು ಸವೆದ ಕುಳಿಗಳನ್ನು ಇಂದಿಗೂ ಅಲ್ಲಿ ಕಾಣಬಹುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ನೆಲದ ಆದಿಧಾನ್ಯಗಳೆಂದು ಜನ ಭಾವಿಸಿರುವ ಜೋಳ ಮತ್ತು ಸಜ್ಜೆ ಮೂಲತಃ ಆಫ್ರಿಕ ಖಂಡದವು. ಅವು ಪ್ರಾಚೀನ ಕಾಲದಲ್ಲಿಯೇ ಭಾರತಕ್ಕೆ ಬಂದು, ಕಡಿಮೆ ಮಳೆಯ ಈ ಬಯಲಿಗೆ ಹೊಂದಿಕೊಂಡು ನೆಲೆನಿಂತವು. ರೊಟ್ಟಿಯೊಡನೆ ತಿನ್ನುವ ಮೆಣಸಿನಕಾಯಿ ಚಟ್ನಿ, ಹೋಳಿಗೆಯ ಹೂರಣವಾಗುವ ಶೇಂಗಾ ಇವು ಇನ್ನೂ ಈಚಿನವು. ಅಮೆರಿಕ ಖಂಡದ ಈ ಬೆಳೆಗಳು ಪೋರ್ಚುಗೀಸರು ೧೪೯೮ರಲ್ಲಿ ಭಾರತಕ್ಕೆ ಬಂದ ತರುವಾಯ ಇಲ್ಲಿ ಹಬ್ಬಿದವು. ಆದ್ದರಿಂದ ಹಬ್ಬದ ಎಡೆ ಹಳೆಯದೆಂದರೆ ಅದು ಎಂದೂ ಬದಲಾಗಿಲ್ಲವೆಂದು ಅರ್ಥವಲ್ಲ. ಹೊರಗಿನಿಂದ ಬಂದುದನ್ನು ಪರೀಕ್ಷಿಸಿ, ನೆಲಕ್ಕೆ ಒಗ್ಗಿದುದನ್ನು ತನ್ನದನ್ನಾಗಿ ಮಾಡಿಕೊಳ್ಳುತ್ತ ಬಂದ ಎಡೆ ಅದು.

ಗದ್ದೆ ಮತ್ತು ಬೆದ್ದಲು

ಹನ್ನೆರಡನೆಯ ಶತಮಾನದಲ್ಲಿ ಕುರುಗೋಡು ಸಿಂದ ಅರಸರ ರಾಜಧಾನಿ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಇವರು ಬಲ್ಲಕುಂದೆ ನಾಡನ್ನು ಆಳಿದರು. ಆ ಕಾಲದ ಕನ್ನಡ ಶಾಸನಗಳಲ್ಲಿ ಶಿವಾಲಯಗಳಿಗೂ ತಪೋಧನರ ಆಹಾರದಾನಕ್ಕೂ ಬಿಟ್ಟ ಭೂಮಿಯನ್ನು ಗದ್ದೆ, ಬೆದ್ದಲು, ತೋಟ ಎಂದು ವಿಂಗಡಿಸಿ ಹೇಳುವುದು ವಾಡಿಕೆ. ನೀರಿನ ಆಸರೆಯುಳ್ಳದ್ದು ಗದ್ದೆ, ಮಳೆಯನ್ನೇ ನಂಬಿದ್ದು ಬೆದ್ದಲು. ಬಳ್ಳಾರಿ ಸೀಮೆಯ ಅಡುಗೆಯ ಚರಿತ್ರೆಯೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಪಾಕಶಾಸ್ತ್ರವನ್ನು ಕುರಿತ ಗ್ರಂಥಗಳಿಗೆ ಕನ್ನಡ ನಾಡಿನಲ್ಲಿ ಕೊರತೆಯಿಲ್ಲ. ಸುಮಾರು ೧೦೨೫ರಲ್ಲಿ ರಚಿತವಾದ ಚಾವುಂಡರಾಯನ ‘ಲೋಕೋಪಕಾರ’, ಸುಮಾರು ೧೧೩೦ರ ವೇಳೆಗೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’, ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇವು ಮುಖ್ಯವಾದವು. ಆದರೆ ಇವು ಬಹುಮಟ್ಟಿಗೆ ಉಳ್ಳವರ ಪಾಕಶಾಲೆಯನ್ನು ಕಣ್ಮುಂದಿಟ್ಟುಕೊಂಡವು. ಬೆದ್ದಲು ಉಳುವವನ ಒಲೆಗೆ ಅಲ್ಲಿ ಪ್ರಾಧಾನ್ಯವಿಲ್ಲ. ಆ ಒಲೆಯ ನೆನಪು ಉಳಿದಿರುವುದು ಶರಣಚರಿತ್ರೆಗಳಲ್ಲಿ. ಮಾದಾರ ಚೆನ್ನಯ್ಯ ನಿವೇದಿಸಿದ ಅಂಬಲಿಯನ್ನು ಶಿವನು ಅರಸನ ಪಕ್ವಾನ್ನಕ್ಕಿಂತ ಮಿಗಿಲೆಂದು ಸವಿದ ಕಥೆಯೂ, ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಹೇಳಿದ ಕಥೆಯೂ ಸರ್ವವಿದಿತವಾಗಿವೆ. ಬಡವನ ಗಂಜಿಗೆ ಗೌರವ ತಂದುಕೊಟ್ಟ ಈ ಕಥೆಗಳು ಇಂಥ ಬೆದ್ದಲು ನೆಲದಲ್ಲಿ ಬೇರೂರಿದುದು ಸಹಜವೇ ಆಗಿದೆ.

ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆಯಲಾಯಿತು. ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಆ ಸಾಲಿಗೆ ಸೇರಿದವು. ಹೀಗಾಗಿ ಹೊಳೆದಂಡೆಯ ಕಿರಿದಾದ ಪಟ್ಟಿಯಲ್ಲಿ ಬತ್ತ ಆಗಲೇ ಇದ್ದಿತು. ೧೫೨೦ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಜಧಾನಿಯ ಧಾನ್ಯಸಮೃದ್ಧಿಯನ್ನು ಹೊಗಳುವಾಗ ಅಕ್ಕಿ, ಜೋಳ, ಹುರುಳಿಗಳನ್ನು ಹೆಸರಿಸುತ್ತಾನೆ. ಆದರೆ ಕಾಲುವೆಯ ಅಂಚು ದಾಟಿದರೆ ಎರೆಯ ಬಯಲು. ಅಲ್ಲಿ ಮಳೆಯೇ ಒಡೆಯ.

ಬೆಳೆಯ ಲೆಕ್ಕದಲ್ಲಿ ಹಬ್ಬದ ಲೆಕ್ಕ

ಎರೆಯ ನೆಲ ಮಳೆಯ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಭಾದ್ರಪದ ಆಶ್ವಯುಜಗಳಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ ಆ ತೇವದಿಂದಲೂ ಚಳಿಗಾಲದ ಇಬ್ಬನಿಯಿಂದಲೂ ಬೆಳೆದು ಮಾಘದ ವೇಳೆಗೆ ಕೊಯ್ಲಿಗೆ ಬರುತ್ತದೆ. ಮುಂಗಾರಿನಲ್ಲಿ ಬಿತ್ತಿದ ಸಜ್ಜೆ, ಎಳ್ಳು ಮನೆ ಸೇರುವುದು ಚಳಿ ಆರಂಭವಾಗುವ ಹೊತ್ತಿಗೆ. ಈ ಬೆಳೆಯ ನಡೆಯನ್ನು ಹಬ್ಬಗಳು ಒಂದೊಂದಾಗಿ ಅನುಸರಿಸುತ್ತವೆ.

ಆಶ್ವಯುಜದ ಸೀಗಿ ಹುಣ್ಣಿಮೆಯಂದು ಭೂತಾಯಿ ಬಸುರಿಯೆಂದು ಭಾವಿಸಿ, ಅವಳ ಬಯಕೆ ತೀರಿಸಲು ಹೊಲಕ್ಕೆ ಬುತ್ತಿ ಒಯ್ಯುತ್ತಾರೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳನ್ನಿಟ್ಟುಕೊಂಡು ಗೌರಿಗೆ ಆರತಿ ಬೆಳಗುತ್ತಾರೆ. ಮಾರ್ಗಶಿರದ ಕೊನೆಗೆ ಬರುವ ಎಳ್ಳಮವಾಸ್ಯೆ ಇವುಗಳಲ್ಲಿ ಹಿರಿದು. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಎಡೆಯ ಭಾಗವನ್ನು ಬೆಳೆಯ ನಡುವೆ ಚೆಲ್ಲುತ್ತ ಹೊಲವನ್ನು ಸುತ್ತುವರು. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಸಜ್ಜೆರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಡುಬು, ಕರ್ಚಿಕಾಯಿ, ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆ, ಮೊಸರನ್ನ ಇವು ಅಂದಿನ ಬುತ್ತಿಯಲ್ಲಿರತಕ್ಕವು. ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸದೆ ಕಳುಹಿಸುವುದಿಲ್ಲ. ಸಂಕ್ರಾಂತಿಗೆ ಬುತ್ತಿ ಹೊಳೆದಂಡೆಗೆ ಹೋಗುತ್ತದೆ. ಕುಸುರೆಳ್ಳು ಕೈಯಿಂದ ಕೈಗೆ ಸಾಗುತ್ತದೆ. ಅದೇ ದಿನಗಳಲ್ಲಿ ಹಾಲುಗಾಳು ಕಟ್ಟಿದ ಜೋಳದ ಹಸಿತೆನೆಯನ್ನು ಹೊಲದಲ್ಲಿಯೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಯಿರುವಾಗಲೇ ತಿನ್ನುವ ‘ಸೀತನಿ’ ಊಟವೂ ನಡೆಯುತ್ತದೆ. ಮುಂದೆ ಫಾಲ್ಗುಣದಲ್ಲಿ ಕುರುಗೋಡಿನ ದೊಡ್ಡಬಸವೇಶ್ವರನ ರಥೋತ್ಸವ ಬರುವ ವೇಳೆಗೆ ಸುಗ್ಗಿ ಮುಗಿದು ಬಿಸಿಲು ಏರತೊಡಗುತ್ತದೆ.

ಈ ಪಟ್ಟಿಯಲ್ಲಿ ಎಳ್ಳು, ಗುರೆಳ್ಳು, ಅಗಸಿ, ಶೇಂಗಾ ಎಂದು ಎಣ್ಣೆಕಾಳುಗಳೇ ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಚಳಿಗೆ ಮೈ ಬಿರಿಯುವ ಕಾಲದಲ್ಲಿ ಜಿಡ್ಡು ಬೇಕೆಂಬುದು ಹಿರಿಯರ ತಿಳುವಳಿಕೆ. ಆ ಕಾಳುಗಳು ಹೊಸದಾಗಿ ದೊರೆಯುವುದೂ ಆಗಲೇ. ಸಜ್ಜೆಯ ವಿಷಯವೂ ಅಂಥದೇ. ಅದರಲ್ಲಿ ಕೊಬ್ಬಿನಂಶ ಹೆಚ್ಚಾದ್ದರಿಂದ ಬೀಸಿಟ್ಟ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಹೊಸ ಕಾಳನ್ನು ಆಗಿಂದಾಗ ಬೀಸಿ ರೊಟ್ಟಿ ಮಾಡಿ ಮುಗಿಸುವುದೇ ಜಾಣತನ.

ತಟ್ಟುವ ಕೈ

ಜೋಳ, ಸಜ್ಜೆಗಳ ಹಿಟ್ಟಿಗೆ ಗೋದಿಹಿಟ್ಟಿನ ಜಿಗುಟಿಲ್ಲ. ಕುದಿವ ಎಸರು ಹೊಯ್ದು, ಬಿಸಿಯಿರುವಾಗಲೇ ನಾದಿದರೆ ಮಾತ್ರ ಅದು ಒಂದಾಗಿ ನಿಲ್ಲುತ್ತದೆ. ಆ ಮುದ್ದೆಯನ್ನು ಅಂಗೈಯಿಂದ ಸುತ್ತ ತಟ್ಟಿ, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೊನೆಗೆ ಕೆಂಡಕ್ಕೆ ಒರಗಿಸಿದಾಗ ರೊಟ್ಟಿ ಉಬ್ಬುತ್ತದೆ. ಅದನ್ನೇ ತೆಳ್ಳಗೆ ತಟ್ಟಿ, ತೇವ ಆರುವವರೆಗೆ ಸುಟ್ಟು ಒಣಗಿಸಿದರೆ ತಿಂಗಳುಗಟ್ಟಲೆ ಕೆಡದ ಕಟಿರೊಟ್ಟಿಯಾಗುತ್ತದೆ. ಮಾದಲಿಯೂ ಈ ವಿದ್ಯೆಯ ಇನ್ನೊಂದು ರೂಪ: ಗೋದಿಯ ದಪ್ಪ ರೊಟ್ಟಿಗಳನ್ನು ಸುಟ್ಟು, ಕುಟ್ಟಿ, ಬೆಲ್ಲ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಿ, ಹಾಲು ತುಪ್ಪಗಳೊಡನೆ ಉಣ್ಣುವ ಸಿಹಿ ಅದು. ಭಟ್ಟಿಯಿಲ್ಲದ ನಾಡಿನಲ್ಲಿ ಒಂದು ಹಂಚು ಮತ್ತು ಒಂದು ಹಿಡಿ ಕೆಂಡದಿಂದ ಇಷ್ಟೆಲ್ಲ ಸಾಧ್ಯವಾಗಿದೆ.

ಕೆಡದ ರೊಟ್ಟಿಗೂ ನೆಲದೊಳಗಿನ ಹಗೇವುಗಳಲ್ಲಿ ಜೋಳ ತುಂಬಿಡುವ ಪದ್ಧತಿಗೂ ಹಿನ್ನೆಲೆಯಾಗಿ ನಿಂತದ್ದು ಬರ. ೧೭೯೧–೯೨ರ ಬರವನ್ನು ಸತ್ತವರ ತಲೆಬುರುಡೆಗಳ ನೆನಪಿನಿಂದ ಡೋಗಿ ಬರವೆಂದು ಕರೆದರು. ೧೮೭೬–೭೮ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು ೪೫೦ ಗ್ರಾಂ ಧಾನ್ಯ ಸಾಕೆಂದು ಗೊತ್ತುಪಡಿಸಿದ. ದುಡಿವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಪ್ರತಿಭಟಿಸಿದ ಮೇಲೆ ಅದನ್ನು ಹೆಚ್ಚಿಸಬೇಕಾಯಿತು. ಇಂಥ ಹಸಿವನ್ನು ಕಂಡ ನೆಲದಲ್ಲಿ ಅನ್ಯರನ್ನು ಕರೆದು ಬುತ್ತಿ ಬಿಚ್ಚುವ ಹಬ್ಬ ಉಳಿದು ಬಂದಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಕಾಲುವೆ ಬಂದ ಮೇಲೆ

೧೯೫೩ ಈ ಜಿಲ್ಲೆಯ ಪಾಲಿಗೆ ಎರಡು ಬಗೆಯಲ್ಲಿ ಸ್ಮರಣೀಯ. ೧೯೪೫ರಲ್ಲಿ ಶಂಕುಸ್ಥಾಪನೆಯಾಗಿದ್ದ ತುಂಗಭದ್ರಾ ಜಲಾಶಯದಿಂದ ಆ ವರ್ಷ ಕಾಲುವೆಗೆ ನೀರು ಹರಿಯಿತು; ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರು ಸಂಸ್ಥಾನಕ್ಕೆ ಸೇರಿತು. ಹೊಳೆದಂಡೆಗೆ ಸೀಮಿತವಾಗಿದ್ದ ಬತ್ತ ಬಲದಂಡೆಯ ಕಾಲುವೆಗಳೊಡನೆ ಸಿರುಗುಪ್ಪ, ಕುರುಗೋಡುಗಳ ಬಯಲಿಗೆ ಹಬ್ಬಿತು. ಜೋಳದ ಹೊಲಗಳು ಗದ್ದೆಗಳಾದವು.

ಇದನ್ನು ಬರಿಯ ನಷ್ಟವೆಂದು ಬರೆಯುವುದು ಚರಿತ್ರೆಗೆ ಸಲ್ಲದು. ಬೆಳಗಿನ ಜಾವಕ್ಕೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಬಳಿಕ ಹೊಗೆಯಲ್ಲಿ ಹತ್ತಾರು ರೊಟ್ಟಿ ತಟ್ಟಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದವಳು ಮನೆಯ ಹೆಣ್ಣುಮಗಳು. ಹಿಟ್ಟಿನ ಗಿರಣಿ ಬಂದಾಗ ಅವಳ ತೋಳಿಗೆ ಬಿಡುವು ದೊರೆಯಿತು. ಒಲೆಯ ಮೇಲಿಟ್ಟು ಬೇರೆ ಕೆಲಸ ನೋಡಬಹುದಾದ ಅನ್ನ ಅವಳಿಗೆ ಒಂದಿಷ್ಟು ಹೊತ್ತನ್ನು ಉಳಿಸಿಕೊಟ್ಟಿತು. ನಿತ್ಯದ ರೊಟ್ಟಿ ಹಿಂದೆ ಸರಿದುದಕ್ಕೆ ನೀರಿನಂತೆ ಈ ಬಿಡುವೂ ಕಾರಣ. ರೊಟ್ಟಿ ಹಬ್ಬದಲ್ಲಿ ಉಳಿದುದಕ್ಕೂ ಕಾರಣ ಇಲ್ಲಿಯೇ ಇದೆ. ಹಬ್ಬದ ಹಿಂದಿನ ದಿನಗಳಲ್ಲಿ ನೆರೆಹೊರೆಯ ಹೆಂಗಸರು ಒಂದೆಡೆ ಸೇರಿ, ಒಬ್ಬಳು ನಾದಿ, ಒಬ್ಬಳು ತಟ್ಟಿ, ಒಬ್ಬಳು ಸುಡುವಾಗ, ಒಬ್ಬಳಿಗೆ ಹೊರೆಯಾಗಿದ್ದ ಕೆಲಸ ನಾಲ್ವರಿಗೆ ಸಂಭ್ರಮವಾಗುತ್ತದೆ. ನೆರೆಯ ಕೊಪ್ಪಳದ ಗವಿಮಠದ ಜಾತ್ರೆ ಇದರ ಬೃಹದ್ರೂಪ. ಪುಷ್ಯಮಾಸದ ಆ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ಮನೆಮನೆಯಲ್ಲಿ ತಟ್ಟಿದ ಜೋಳದ ರೊಟ್ಟಿಗಳು ಲಕ್ಷಗಟ್ಟಲೆ ಬಂದು ಸೇರುತ್ತವೆ. ಮಾದಲಿಯೂ ರಾಶಿಯಾಗಿ ಬರುತ್ತದೆ. ಕಾಯಕವೂ ದಾಸೋಹವೂ ಅಲ್ಲಿ ಒಂದೇ ರೊಟ್ಟಿಯ ಎರಡು ಮಗ್ಗುಲುಗಳು.

೨೦೨೩ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟು ಕೊಚ್ಚಿಹೋದಾಗ, ಕಾಲುವೆಯನ್ನೇ ನಂಬಿದ ಬದುಕು ಎಷ್ಟು ಸೂಕ್ಷ್ಮವಾದುದೆಂಬುದು ಈ ಬಯಲಿಗೆಲ್ಲ ಅರಿವಾಯಿತು. ಜೋಳ, ಸಜ್ಜೆಗಳ ಬೀಜ ಪೇಟೆಯಲ್ಲಿ ದೊರೆಯಬಹುದು, ಕಟಿರೊಟ್ಟಿಯೂ ಅಂಗಡಿಯಲ್ಲಿ ದೊರೆಯುತ್ತದೆ. ಎಸರು ಎಷ್ಟು ಕಾಯಬೇಕು, ಹಿಟ್ಟು ಎಷ್ಟು ನಾದಬೇಕು, ಯಾವ ಗಳಿಗೆಯಲ್ಲಿ ನೀರು ಸವರಬೇಕು ಎಂಬುದು ಮಾತ್ರ ತಾಯಿಯ ಪಕ್ಕದಲ್ಲಿ ಕುಳಿತ ಮಗುವಿಗೆ ಕೈಯಿಂದ ಕೈಗೆ ಬರಬೇಕಾದುದು. ಆ ಮಗು ಹೆಣ್ಣೇ ಆಗಬೇಕೆಂಬ ನಿಯಮವೂ ಇಲ್ಲ. ಎಳ್ಳಮವಾಸ್ಯೆಯ ಹಿಂದಿನ ದಿನ ಸಿರುಗುಪ್ಪದ ಬತ್ತದ ಗದ್ದೆಗಳ ನಡುವಣ ಮನೆಯೊಂದರಲ್ಲಿ ಸಜ್ಜೆರೊಟ್ಟಿ ತಟ್ಟುವ ಸದ್ದು ಕೇಳುತ್ತಿರುವವರೆಗೆ, ಆ ಗದ್ದೆ ಹಿಂದೊಮ್ಮೆ ಬೆದ್ದಲಾಗಿದ್ದಿತೆಂಬ ನೆನಪು ಆ ಮನೆಯಲ್ಲಿ ಉಳಿದಿರುತ್ತದೆ.