ಚರಗಿಯ ಮೇಲಿನ ಶಾಸನ

'ಸ್ಟಿಲ್ ಲೈಫ್' ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ? ಸ್ತಬ್ಧಚಿತ್ರ ಅಂದರೆ ದಸರಾ ಮೆರವಣಿಗೆಯ ಲಾರಿ ಕಣ್ಣ ಮುಂದೆ ಬರುತ್ತದೆ. ಸ್ಥಿರಚಿತ್ರ ಅಂದರೆ ಸಿನಿಮಾದವರ ಫೋಟೋ. ಸದ್ಯಕ್ಕೆ ನಾನು 'ಇಟ್ಟ ಚಿತ್ರ' ಅಂತ ಕರೆದುಕೊಂಡಿದ್ದೇನೆ, ಇದಕ್ಕಿಂತ ಒಳ್ಳೆಯ ಪದ ಹೊಳೆದವರು ಹೇಳಿ. ಒಂದು ವಸ್ತುವನ್ನು ಕಿಟಕಿ ಹತ್ತಿರ ಇಡುವುದು, ಬೆಳಕಿಗೆ ಕಾಯುವುದು, ತೆಗೆಯುವುದು, ಇಷ್ಟೇ ಕೆಲಸ. ನಿವೃತ್ತನಾಗಿ ಬೆಳಗಾವಿಯಿಂದ ಹಲಸಿಯ ಹಳೇ ಮನೆಗೆ ಬಂದ ಮೇಲೆ ಹತ್ತಿದ ಹುಚ್ಚು ಇದು. ಖಾನಾಪುರದ ಕಾಡಲ್ಲಿ ಹಕ್ಕಿಗಳಿಗೇನೂ ಬರವಿಲ್ಲ. ಆದರೆ ಅವುಗಳ ಹಿಂದೆ ಓಡೋದಕ್ಕೆ ಮೊಣಕಾಲು ಒಪ್ಪಬೇಕಲ್ಲ! ತಂಬಿಗೆಯಾದರೆ ಎಲ್ಲಿಗೂ ಹಾರಿಹೋಗುವುದಿಲ್ಲ :-)

ತಮಾಷೆ ಏನೆಂದರೆ, ಛಾಯಾಗ್ರಹಣದ ಮೊದಲ ದಿನಗಳಲ್ಲೂ ಇದೇ ಲೆಕ್ಕ. ಆಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಮನುಷ್ಯರು ಅಷ್ಟು ಹೊತ್ತು ಅಲುಗಾಡದೆ ಕೂರುತ್ತಾರೆಯೇ? ಹಾಗಾಗಿ ಫ್ರಾನ್ಸಿನ ಡಾಗೇರ್ 1837ರಲ್ಲಿ ತೆಗೆದ ಚಿತ್ರದಲ್ಲಿರುವುದು ಪ್ಲಾಸ್ಟರ್ ಗೊಂಬೆಗಳು, ಬೆತ್ತ ಹೆಣೆದ ಒಂದು ಬಾಟಲಿ. ಇಂಗ್ಲೆಂಡಿನ ಟಾಲ್ಬಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1844ರಿಂದ ಕಂತುಗಳಲ್ಲಿ ಹೊರಬಂದ ಅವನ 'ದಿ ಪೆನ್ಸಿಲ್ ಆಫ್ ನೇಚರ್' ಪುಸ್ತಕದಲ್ಲಿ ಕಪಾಟಿನ ತುಂಬ ಪಿಂಗಾಣಿ ಪಾತ್ರೆಗಳ ಒಂದು ಚಿತ್ರವಿದೆ. ಅದಕ್ಕೆ ಅವನು ಕೊಟ್ಟ ಕಾರಣ ಸೌಂದರ್ಯವಲ್ಲ, ಲೆಕ್ಕಪತ್ರ! ಒಂದೊಂದೇ ಪಾತ್ರೆಯನ್ನು ಪಟ್ಟಿ ಮಾಡುವ ಹೊತ್ತಿನಲ್ಲಿ ಇಡೀ ಕಪಾಟನ್ನೇ ಚಿತ್ರದಲ್ಲಿ ಹಿಡಿಯಬಹುದು, ನಾಳೆ ಕಳ್ಳ ಹೊತ್ತೊಯ್ದರೆ ಕೋರ್ಟಿನಲ್ಲಿ ಅದೇ ಸಾಕ್ಷಿಯಾದೀತು ಅನ್ನುವುದು ಅವನ ಮಾತಿನ ಸಾರ. ಸ್ಟಿಲ್ ಲೈಫ್ ಅಂದರೆ ದ್ರಾಕ್ಷಿ ಗೊಂಚಲು, ವೈನ್ ಗ್ಲಾಸು ಅಂತ ನಂಬಿದ್ದ ನನಗೆ ಇದು ಬಹಳ ಹಿಡಿಸಿತು.

ನಮ್ಮ ಕಡೆಗೂ ಈ ವಿದ್ಯೆ ಬಂದದ್ದು ಸಾಕ್ಷಿ ಹೇಳುವ ಕೆಲಸಕ್ಕೇ. ಇಲ್ಲಿ ಸ್ವಲ್ಪ ಸುತ್ತುದಾರಿ ಹಿಡಿಯಬೇಕು. 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಈ ಮನುಷ್ಯ ಮುಂದೆ ಧಾರವಾಡ ಸೀಮೆಯ ಶಾಸನಗಳನ್ನು ನೂರುಗಟ್ಟಲೆ ನಕಲು ಮಾಡಿಸಿದ. ಆಮೇಲೆ ಆಂಧ್ರದ ಅಮರಾವತಿಯ ಸ್ತೂಪದಿಂದ ಶಿಲ್ಪಗಳನ್ನು ಅಗೆಸಿ ಮದರಾಸಿಗೆ ಸಾಗಿಸಿದ. ಅವಕ್ಕೆ ಎಲಿಯಟ್ ಮಾರ್ಬಲ್ಸ್ ಅಂತಲೇ ಹೆಸರಾಯಿತು. 1858ರಲ್ಲಿ ಅವುಗಳ ಫೋಟೋ ತೆಗೆದವನು ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ. ಇವನು 1854ರ ಕೊನೆಗೆ ರಜೆ ಹಾಕಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿದವನೇ. ತಂಜಾವೂರಿನ ಬೃಹದೀಶ್ವರ ಗುಡಿಯ ತಳದಲ್ಲಿ ಸುತ್ತ ಬರೆದ ಶಾಸನವನ್ನು ತುಂಡು ತುಂಡಾಗಿ ತೆಗೆದು, 21 ಪ್ರಿಂಟ್ ಅಂಟಿಸಿ, ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿ ಮಾಡಿದ್ದಾನೆ. ಕಲ್ಲಿನ ಮೇಲಿನ ಅಕ್ಷರ ಫೋಟೋದಲ್ಲಿ ಓದಲು ಬರಬೇಕಾದರೆ ಬೆಳಕು ಎದುರಿನಿಂದ ಬಿದ್ದರೆ ಪ್ರಯೋಜನವಿಲ್ಲ, ಪಕ್ಕದಿಂದ ಸವರಿಕೊಂಡು ಬರಬೇಕು. ಅಕ್ಷರದ ಗುಣಿಯಲ್ಲಿ ನೆರಳು ನಿಂತರೆ ತಾನೆ ಓದಲು ಸಾಧ್ಯ!

ಈಗ ನಮ್ಮೂರಿಗೆ ಬರೋಣ. ಹಲಸಿ ಅಂದರೆ ಕದಂಬರ ಪಲಾಶಿಕಾ. ಬನವಾಸಿಯ ನಂತರ ಅವರ ಎರಡನೇ ರಾಜಧಾನಿ. 'ಪ'ಕಾರ 'ಹ'ಕಾರವಾಗಿ ಹಲಸಿಗೆ, ಆಮೇಲೆ ಹಲಸಿ. ಬಂದವರೆಲ್ಲ ಭೂವರಾಹ ನರಸಿಂಹ ದೇವಸ್ಥಾನ ನೋಡಿ ಹೊರಡುತ್ತಾರೆ. ಅದು ಗೋವೆಯ ಕದಂಬರ ಕಾಲದ್ದು, 12ನೇ ಶತಮಾನ. ಅದಕ್ಕೂ ಆರುನೂರು ವರ್ಷಗಳಿಗಿಂತ ಹಿಂದಿನ ಸಂಗತಿ ಸಿಕ್ಕಿದ್ದು ಊರ ಹೊರಗೆ, ನಂದಗಡದ ದಾರಿಯಲ್ಲಿ, ಚಕ್ರತೀರ್ಥ ಎನ್ನುವ ಸಣ್ಣ ಬಾವಿಯ ಪಕ್ಕದ ಮಣ್ಣ ದಿಬ್ಬದಲ್ಲಿ. 1860ರ ಸುಮಾರಿಗೆ ಅಲ್ಲಿ ಏಳು ತಾಮ್ರಶಾಸನಗಳು ದೊರೆತವು. ಜೆ. ಎಫ್. ಫ್ಲೀಟ್ 1877ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯ 6ನೇ ಸಂಪುಟದಲ್ಲಿ ಅವನ್ನು ಪ್ರಕಟಿಸಿದರು.

ಒಂದರಲ್ಲಿ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಡುತ್ತಾನೆ. ಇನ್ನೊಂದರಲ್ಲಿ ಮೃಗೇಶವರ್ಮ ತೀರಿಕೊಂಡ ತಂದೆಯ ನೆನಪಿಗೆ ಇಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಡುತ್ತಾನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರವಿವರ್ಮನದು. ಕಾರ್ತಿಕದಲ್ಲಿ ಎಂಟು ದಿನ ಉತ್ಸವ ನಡೆಯಲಿ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟ ನಡೆಯಲಿ ಅಂತ ಕಟ್ಟಳೆ. ಹಲಸಿಯ ಮಳೆ ಕಂಡವರಿಗೆ ಈ ಕಟ್ಟಳೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಓದುವಾಗ ನಮ್ಮ ಮನೆಯ ಅಟ್ಟದ ಮೇಲಿನ ಹಿತ್ತಾಳೆ, ತಾಮ್ರದ ಪಾತ್ರೆಗಳು ನೆನಪಾದವು. ನಿಮ್ಮ ಮನೆಯಲ್ಲೂ ಇದ್ದಾವು, ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದು. ಕೊಟ್ಟವರು ಯಾರು, ಯಾರಿಗೆ, ಯಾವ ಇಸವಿ, ಕೆಲವದರ ಮೇಲೆ 'ಸ್ಮರಣಾರ್ಥ' ಅಂತ. ಮೃಗೇಶವರ್ಮನ ಶಾಸನದಲ್ಲಿರುವುದೂ ಇಷ್ಟೇ ತಾನೆ? ಅಜ್ಜಿಯ ತವರಿನಿಂದ ಬಂದವುಗಳ ಮೇಲೆ ಬಾಳಬೋಧ ಲಿಪಿಯಲ್ಲಿ 'ಸೌ.' ಅಂತ ಶುರುವಾಗುತ್ತದೆ, ಅಮ್ಮನ ಕಡೆಯವು ಕನ್ನಡದಲ್ಲಿ. ಗಡಿ ಜಗಳದ ಪೇಪರ್ ಸುದ್ದಿ ಓದಿದ ಕೈಯಲ್ಲೇ ಎರಡನ್ನೂ ಒಂದೇ ಮಣೆಯ ಮೇಲೆ ಇಟ್ಟು ಚಿತ್ರ ತೆಗೆದಿದ್ದೇನೆ.

ಕಲಿತದ್ದನ್ನು ಬರೆದುಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಹಿತ್ತಾಳೆ ಎಂದರೆ ಕನ್ನಡಿ. ಕೋಣೆ, ಬಾಗಿಲು, ಬನಿಯನ್ ಹಾಕಿಕೊಂಡ ನಾನು, ಎಲ್ಲ ಅದರ ಹೊಟ್ಟೆಯಲ್ಲಿ ಕಾಣುತ್ತದೆ. ಅದಕ್ಕೆ ಎದುರಿಗೆ ಬಿಳಿ ಧೋತರ ಕಟ್ಟಿ, ಅದರ ಸಂದಿಯಲ್ಲಿ ಲೆನ್ಸ್ ತೂರಿಸುತ್ತೇನೆ. ಹಿಂದೆ ಕರಿ ಕಂಬಳಿ. ಉಳಿದ ಬಾಗಿಲುಗಳನ್ನೆಲ್ಲ ಹಾಕಿ ಒಂದೇ ಕಿಟಕಿ ತೆರೆದರೆ ಬೆಳಕು ಪಕ್ಕದಿಂದ ಸವರುತ್ತದೆ, ಅಕ್ಷರದ ಚುಕ್ಕಿಗಳಲ್ಲಿ ನೆರಳು ನಿಲ್ಲುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್ಒ 100, ಅಪರ್ಚರ್ ಎಫ್ 11. ಮಳೆಗಾಲದ ಮಧ್ಯಾಹ್ನ ಎರಡರಿಂದ ನಾಲ್ಕು ಸೆಕೆಂಡ್ ಬೇಕಾಗುತ್ತದೆ, ಟೈಮರ್ ಹಾಕಿ ಕೈ ತೆಗೆದುಬಿಡುವುದು. ಖಾನಾಪುರದ ಕೆಂಪು ಮಣ್ಣಿನ ಮಡಕೆಗೆ ಇಷ್ಟು ರಗಳೆಯಿಲ್ಲ. ಅದು ಬೆಳಕನ್ನು ಕುಡಿಯುತ್ತದೆ, ಎಲ್ಲಿಟ್ಟರೂ ಚೆಂದ. ಹೊಸದಾಗಿ ಕಲಿಯುವವರು ಅಲ್ಲಿಂದಲೇ ಶುರು ಮಾಡಿ.

ಮುಖ್ಯವಾದದ್ದು, ತೆಗೆಯುವ ಮೊದಲು ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು. ಚುಕ್ಕಿಗಳಲ್ಲಿ ಕೂತ ಕಪ್ಪೇ ಅಕ್ಷರವನ್ನು ಓದಿಸುವುದು. ನಮ್ಮ ಮನೆಯಲ್ಲಿ ಇದಕ್ಕೆ ದಿನಾ ಜಗಳ. "ಏನ್ರೀ, ಮಂದಿ ನೋಡಿದ್ರ ಈ ಮನ್ಯಾಗ ಭಾಂಡೆ ತಿಕ್ಕೋರ ಇಲ್ಲ ಅಂತಾರ" ಅನ್ನುವುದು ನನ್ನಾಕೆಯ ತಕರಾರು.

ಕಾಗದ ಇಟ್ಟು ಪೆನ್ಸಿಲ್ ಉಜ್ಜಿಯೂ ನೋಡಿದೆ, ಶಾಸನದವರು ಅಚ್ಚು ತೆಗೆಯುವ ಹಾಗೆ. ಹೆಸರು ಚೆನ್ನಾಗಿ ಬರುತ್ತದೆ. ಆದರೆ ಚರಗಿ ಬರುವುದಿಲ್ಲ, ಬಾವಿಕಟ್ಟೆಗೆ ಬಡಿದು ತಗ್ಗಾದ ಜಾಗ ಬರುವುದಿಲ್ಲ.

ಈ ವಯಸ್ಸಿಗೆ ಇದೆಲ್ಲ ಯಾಕೆ ಅನ್ನುವವರಿಗೆ ನಾನು ಆಂದ್ರೆ ಕೆರ್ತೇಸ್ ಕಥೆ ಹೇಳುತ್ತೇನೆ. ಹಂಗೇರಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ದೊಡ್ಡ ಛಾಯಾಗ್ರಾಹಕ. 1977ರಲ್ಲಿ ಹೆಂಡತಿ ಎಲಿಜಬೆತ್ ತೀರಿಕೊಂಡಾಗ ಅವನಿಗೆ 83. ಆಮೇಲೆ ಪೊಲರಾಯ್ಡ್ ಎಂಬ ಹೊಸ ಆಟಿಕೆಯಂಥ ಕ್ಯಾಮೆರಾ ಕಲಿತು, ಆಕೆಯನ್ನು ನೆನಪಿಸುವ ಒಂದು ಗಾಜಿನ ಬೊಂಬೆಯನ್ನು ಕಿಟಕಿಯಲ್ಲಿಟ್ಟು ಬೆಳಕು ಬದಲಾದ ಹಾಗೆಲ್ಲ ತೆಗೆಯುತ್ತಾ ಹೋದ. 1981ರಲ್ಲಿ ಆ ಚಿತ್ರಗಳು ಪುಸ್ತಕವಾದವು. ನಾನೇನು ಕೆರ್ತೇಸ್ ಅಲ್ಲ, ಬಿಡಿ. ಕಿಟಕಿ ಮಾತ್ರ ನನಗೂ ಇದೆ.

ಇನ್ನೊಂದು ಕಾರಣವೂ ಉಂಟು. ದೀಪಾವಳಿಗೆ ಅಣ್ಣತಮ್ಮಂದಿರು ಸೇರಿದಾಗ ಅಟ್ಟದ ಸಾಮಾನು ಹಂಚಿಕೆಯಾಗಬೇಕು. ಬೆಂಗಳೂರು, ಪುಣೆಯ ಫ್ಲ್ಯಾಟುಗಳಲ್ಲಿ ಕೊಡ, ಕೊಪ್ಪರಿಗೆ ಯಾರಿಗೆ ಬೇಕು? ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿ ದುಡ್ಡು ಹಂಚಿಕೊಳ್ಳೋಣ ಅಂತ ಮಾತಾಗಿದೆ, ನಾನೂ ಒಪ್ಪಿದ್ದೇನೆ. ನಾನು ಒಬ್ಬನೇ ಎಲ್ಲವನ್ನೂ ಎಲ್ಲಿ ಇಟ್ಟುಕೊಳ್ಳಲಿ? ಕದಂಬರ ತಾಮ್ರಪಟಗಳ ಕೊನೆಗೆ, ಕೊಟ್ಟ ದಾನವನ್ನು ಕಸಿದವನಿಗೆ ನರಕ ಅಂತ ಶಾಪವಿರುತ್ತದೆ. ನಮ್ಮ ಚರಗಿಗಳ ಮೇಲೆ ಅಷ್ಟು ಬರೆಯಲು ಜಾಗವಿರಲಿಲ್ಲ, ಗುಜರಿಯವನು ಬಚಾವ್ :-)

ಇಲ್ಲಿಯವರೆಗೆ 31 ಪಾತ್ರೆಗಳ ಚಿತ್ರವಾಗಿದೆ. ಪ್ರತಿಯೊಂದರದೂ ಎರಡೆರಡು, ಇಡೀ ಪಾತ್ರೆ ಒಂದು, ಅಕ್ಷರ ಒಂದು. ಪಕ್ಕದಲ್ಲಿ ಅಳತೆಪಟ್ಟಿ. ಬಾಕಿ ಇರುವುದು ಬಚ್ಚಲುಮನೆಯ ದೊಡ್ಡ ಹಂಡೆ. ಅದು ಕಿಟಕಿಗೆ ಬರುವ ಪೈಕಿ ಅಲ್ಲ. ಅಂಗಳಕ್ಕೆ ಉರುಳಿಸಿ, ಸಂಜೆ ಬಿಸಿಲು ಅಡ್ಡ ಬೀಳುವಾಗ ತೆಗೆಯಬೇಕು. ಮಸಿಯ ಅಡಿಯಲ್ಲಿ ಏನೋ ನಾಲ್ಕು ಅಕ್ಷರ ಕೈಗೆ ತಾಕುತ್ತಿವೆ. ಮಳೆ ಹೊಳವಾಗಲಿ ಅಂತ ಕಾಯುತ್ತಿದ್ದೇನೆ.