ಕನಸಿನೊಳಗಿಂದ ಬಂದ ಸಿಗ್ನಲ್

ಇದು ಕನಸು ಅಂತ ಕನಸಿನಲ್ಲೇ ಗೊತ್ತಾದರೆ ಅದು ಲೂಸಿಡ್ ಡ್ರೀಮ್. ಈ ಹೆಸರನ್ನು ಬಳಕೆಗೆ ತಂದವನು ಡಚ್ ವೈದ್ಯ ಫ್ರೆಡರಿಕ್ ವಾನ್ ಈಡನ್, 1913ರಲ್ಲಿ. ಆದರೆ ಫ್ರಾನ್ಸಿನ ಹರ್ವೆ ದ ಸಾಂ-ದೆನಿ ಕನಸಿನ ಡೈರಿ ಬರೆದೂ ಬರೆದೂ ಇದನ್ನು ಕಲಿತು, 1867ರಲ್ಲೇ ಪುಸ್ತಕ ತಂದಿದ್ದ.

ಸರಿ, ನಂಬೋದು ಹೇಗೆ? ಎದ್ದ ಮೇಲೆ ಯಾರು ಏನು ಬೇಕಾದ್ರೂ ಹೇಳಬಹುದಲ್ವಾ! ಕನಸು ಬೀಳುವ ನಿದ್ದೆಯಲ್ಲಿ ಕೈಕಾಲು ಆಡುವುದಿಲ್ಲ, ಕಣ್ಣುಗುಡ್ಡೆ ಆಡುತ್ತದೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್ ಹಿಡಿದದ್ದು ಇದನ್ನೇ. 1975ರ ಏಪ್ರಿಲ್ 12ರ ಬೆಳಗ್ಗೆ ನಿದ್ದೆಯಲ್ಲಿದ್ದ ಅಲನ್ ವರ್ಸ್ಲಿ, ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದ. ಯಂತ್ರದ ಕಾಗದದ ಮೇಲೆ ಗೆರೆ ಮೂಡಿತು. ಓದಿದಾಗ ನನಗಂತೂ ಮೈ ಜುಂ ಅಂತು. ಪಾಪ, ಹೆಸರು ಬಂದದ್ದು ಮಾತ್ರ ಸ್ಟ್ಯಾನ್‌ಫರ್ಡಿನ ಸ್ಟೀಫನ್ ಲಾಬರ್ಜ್‌ಗೆ. ಅವನು ತಾನಾಗಿಯೇ ಇಂಥದ್ದೇ ಪ್ರಯೋಗ ಮಾಡಿ 1981ರಲ್ಲಿ ಪ್ರಕಟಿಸಿದ.

ನಮ್ಮ ಕುಂಚಾವರಂ ಕಡೆಯವರಿಗೆ ಕನಸಿನ ಚರ್ಚೆ ಹೊಸದೇನಲ್ಲ ಬಿಡಿ. ಸೇಡಂ ತಾಲ್ಲೂಕಿನ ಮಳಖೇಡ ಅಂದರೆ 14ನೇ ಶತಮಾನದ ಟೀಕಾಚಾರ್ಯ ಜಯತೀರ್ಥರ ಹೆಸರು ನೆನಪಾಗುತ್ತೆ. ಅವರು ಟೀಕೆ ಬರೆದದ್ದು ಮಧ್ವರ ಗ್ರಂಥಗಳಿಗೆ. ಶಂಕರರಿಗೆ ಕನಸು ಬರೀ ಮಾಯೆ. ಮಧ್ವರಿಗೋ ಕನಸೂ ಸತ್ಯ. ಮಲಗಿದವನ ವಾಸನೆಗಳಿಂದಲೇ ದೇವರು ಅದನ್ನು ಕಟ್ಟುತ್ತಾನೆ. ಅದನ್ನು ಎಚ್ಚರದ ಲೋಕ ಅಂದುಕೊಳ್ಳುವುದಷ್ಟೇ ಭ್ರಾಂತಿ. ಹಾಗಾದ್ರೆ ವರ್ಸ್ಲಿಗೆ ಆ ಬೆಳಗ್ಗೆ ಯಾವ ಭ್ರಾಂತಿಯೂ ಇರಲಿಲ್ಲ!

ಲಾಬರ್ಜ್ ಹೇಳುವ ಅಭ್ಯಾಸ ಸರಳ: ಕನಸಿನಿಂದ ಎಚ್ಚರವಾದಾಗ ಅದನ್ನು ಪೂರ್ತಿ ನೆನೆದು, ಮುಂದಿನ ಕನಸಿನಲ್ಲಿ ‘ಇದು ಕನಸು’ ಅಂತ ಹೊಳೆಯಲಿ ಅಂದುಕೊಂಡು ಮತ್ತೆ ಮಲಗುವುದು. ನಿಮ್ಮಲ್ಲಿ ಯಾರಿಗಾದ್ರೂ ಹೀಗೆ ಆಗಿದೆಯಾ?