ಹದಿನೆಂಟು ಮತ್ತು ಅರವತ್ತರ ನಡುವೆ: ಡೌನ್ ಸಿಂಡ್ರೋಮ್, ಆಲ್ಝೈಮರ್ ಹಾಗೂ ಒಂದು ಗಡಿ ಜಿಲ್ಲೆ

ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ ಮನೆಯವರ ಮುಂದೆ ಇರುವುದು ಮುಖ್ಯವಾಗಿ ಎರಡು ದಾರಿ. ಒಂದು ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇನ್ನೊಂದು ಸುಮಾರು 60 ಕಿಲೋಮೀಟರ್ ದೂರದ ಮೈಸೂರು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ, ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಅಲ್ಲಿಯವರೆಗೆ ದೊಡ್ಡ ಆಸ್ಪತ್ರೆ ಎಂದರೆ ಮೈಸೂರೇ. ಮಗುವಿನ ಹೃದಯ, ಥೈರಾಯ್ಡ್, ಕಿವಿ, ಮಾತು ಇವುಗಳ ಬಗ್ಗೆ ವೈದ್ಯರು ಹೇಳುತ್ತಾರೆ. ಅದೇ ಮಗು ನಲವತ್ತೈದು, ಐವತ್ತು ವರ್ಷದ ಆಳಾದಾಗ ಮಿದುಳಿಗೆ ಏನಾಗುತ್ತದೆ ಎಂದು ಹೇಳಿ ಕಳಿಸುವುದು ಅಪರೂಪ. ಆದರೆ ವಿಜ್ಞಾನ ಈ ಮಿದುಳಿನಿಂದ ಪಡೆದದ್ದು ಬಹಳ. ಆಲ್ಝೈಮರ್ ಕಾಯಿಲೆಯ ಮೂಲ ಎಲ್ಲಿದೆ ಎಂಬುದಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದೇ ಇಲ್ಲಿ. ಪಡೆದದ್ದರಲ್ಲಿ ಎಷ್ಟು ವಾಪಸು ಬಂದಿದೆ ಎಂಬುದು ಈ ಲೇಖನದ ಪ್ರಶ್ನೆ.

ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಯಧಾಮದ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದದ್ದು 1866ರಲ್ಲಿ. ಮುಖಚಹರೆ ನೋಡಿ ಜನಾಂಗದ ಹೆಸರು ಅಂಟಿಸಿದ ಆತನ ವರ್ಗೀಕರಣ ಶುದ್ಧ ತಪ್ಪು. ಆ ಹೆಸರನ್ನು ಕೈಬಿಡಬೇಕೆಂದು ವಿಜ್ಞಾನಿಗಳು ಒಟ್ಟಾಗಿ ಕೇಳಲು 1961ರವರೆಗೆ ಕಾಯಬೇಕಾಯಿತು. ಡೌನ್ ಬರೆದ ಹತ್ತು ವರ್ಷಕ್ಕೆ, 1876ರಲ್ಲಿ, ಫ್ರೇಜರ್ ಮತ್ತು ಮಿಚೆಲ್ ಎಂಬಿಬ್ಬರು ಇಂಥವರಿಗೆ ಮುಪ್ಪು ಬೇಗ ಬರುತ್ತದೆ ಎಂದು ದಾಖಲಿಸಿದರು. ಆಲ್ಝೈಮರ್ ಎಂಬ ಹೆಸರೇ ಇನ್ನೂ ಇಲ್ಲದ ಕಾಲ ಅದು. ಅಲೋಯಿಸ್ ಆಲ್ಝೈಮರ್ ತನ್ನ ರೋಗಿ ಆಗಸ್ಟೆ ಡೀಟರ್‌ಳ ಮಿದುಳಿನ ವಿವರ ಮಂಡಿಸಿದ್ದು 1906ರ ನವೆಂಬರಿನಲ್ಲಿ. ಆಕೆ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ವಯಸ್ಸು 51. ಅಂದರೆ ಈ ಕಾಯಿಲೆ ವೈದ್ಯಶಾಸ್ತ್ರದೊಳಗೆ ಕಾಲಿಟ್ಟದ್ದು ಐವತ್ತರ ಆಸುಪಾಸಿನ ಕಾಯಿಲೆಯಾಗಿಯೇ. ಅರವತ್ತಕ್ಕೆ ಅರಳು ಮರಳು ಎಂದು ರೂಢಿಯಾದ ನಮಗೆ ಇದು ಮರೆತೇಹೋಗುತ್ತದೆ.

1929ರಲ್ಲಿ ಜರ್ಮನಿಯ ಸ್ಟ್ರೂವೆ ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲೂ ಆಲ್ಝೈಮರ್ ಕಂಡಂಥದೇ ಪ್ಲೇಕ್‌ಗಳನ್ನು, ಅಂದರೆ ನರಕೋಶಗಳ ನಡುವೆ ಗಟ್ಟಿಕಟ್ಟಿದ ಕಣಗಳನ್ನು, ಕಂಡ. 1948ರಲ್ಲಿ ಅಮೆರಿಕದ ಜಾರ್ವಿಸ್ ಇಂಥ ಮೂವರಲ್ಲಿ ಮುಪ್ಪಿನ ಮರೆವು ಮತ್ತು ಮಿದುಳಿನ ಬದಲಾವಣೆ ಎರಡನ್ನೂ ಜೋಡಿಸಿ ವರದಿ ಮಾಡಿದ. ಆದರೂ ವಿಷಯ ಮುಂದೆ ಹೋಗಲಿಲ್ಲ. ಕಾರಣ ಸರಳ. 1949ರ ಸುಮಾರಿಗೆ ಈ ಸ್ಥಿತಿಯಲ್ಲಿ ಹುಟ್ಟಿದವರ ಸರಾಸರಿ ಆಯಸ್ಸು ಪಾಶ್ಚಾತ್ಯ ದೇಶಗಳಲ್ಲೇ 12 ವರ್ಷ. ಮುಪ್ಪು ನೋಡಲು ಬದುಕಿ ಉಳಿದವರೇ ವಿರಳ.

ವರ್ಣತಂತುಗಳ ಲೆಕ್ಕ ಸಿಕ್ಕಿದ್ದು 1959ರಲ್ಲಿ, ಪ್ಯಾರಿಸಿನಲ್ಲಿ. 46ರ ಬದಲು 47, ಹೆಚ್ಚಿಗೆ ಇದ್ದದ್ದು 21ನೆಯದು. ಜೀವಕೋಶ ಬೆಳೆಸಿ ಆ ಹೆಚ್ಚುವರಿ ವರ್ಣತಂತುವನ್ನು ಕಣ್ಣಿಗೆ ಬೀಳಿಸಿದ ಮಾರ್ಥ್ ಗೋಟಿಯೆ ಅವರ ಹೆಸರನ್ನು ಪ್ರಬಂಧದಲ್ಲಿ ತಪ್ಪಾಗಿ ಅಚ್ಚು ಹಾಕಿ, ಕೀರ್ತಿಯನ್ನೆಲ್ಲ ಜೆರೋಮ್ ಲೆಜೂನ್ ಪಾಲಿಗೆ ಬಿಟ್ಟದ್ದು ಬೇರೆಯೇ ಕಥೆ.

ನಿಜವಾದ ತಿರುವು 1984. ಕ್ಯಾಲಿಫೋರ್ನಿಯದ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಆಲ್ಝೈಮರ್ ರೋಗಿಗಳ ಮಿದುಳಿನ ರಕ್ತನಾಳಗಳಿಂದ ಒಂದು ಚಿಕ್ಕ ಪ್ರೋಟೀನ್ ಬೇರ್ಪಡಿಸಿದರು. ಅದೇ ವರ್ಷ ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲೂ ಅದೇ ಪ್ರೋಟೀನ್ ಸಿಕ್ಕಿತು. ಹಾಗಿದ್ದರೆ ಇದನ್ನು ತಯಾರಿಸುವ ಜೀನ್ 21ನೆಯ ವರ್ಣತಂತುವಿನ ಮೇಲೇ ಇರಬೇಕು ಎಂದು ಅವರು ಊಹಿಸಿದರು. ಮೂರೇ ವರ್ಷದಲ್ಲಿ, 1987ರಲ್ಲಿ, ಎಪಿಪಿ ಎಂಬ ಆ ಜೀನ್ ಅಲ್ಲೇ ಸಿಕ್ಕಿತು. ಮೂರು ಪ್ರತಿ ಇದ್ದವರ ದೇಹ ಹುಟ್ಟಿದಂದಿನಿಂದಲೂ ಈ ಪ್ರೋಟೀನಿನ ಕಚ್ಚಾವಸ್ತುವನ್ನು ಹೆಚ್ಚಾಗಿಯೇ ತಯಾರಿಸುತ್ತದೆ. ಅದು ತುಂಡಾಗಿ ಅಮೈಲಾಯ್ಡ್ ಆಗುತ್ತದೆ, ಹೊರಹೋಗದೆ ಉಳಿದದ್ದು ನರಕೋಶಗಳ ನಡುವೆ ಗಟ್ಟಿಕಟ್ಟುತ್ತದೆ, ಕಾಲಾಂತರದಲ್ಲಿ ಕೋಶಗಳೊಳಗೆ ಟೌ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳು ಸಿಕ್ಕುಗಟ್ಟುತ್ತವೆ.

ಇದು ಬರೀ ತರ್ಕವೇ ಎಂದು ಕೇಳುವವರಿಗೆ 1998ರಲ್ಲಿ ಪ್ರಾಶರ್ ಮತ್ತು ಸಂಗಡಿಗರು ವರದಿ ಮಾಡಿದ ಒಂದು ಪ್ರಕರಣವೇ ಸಾಕು. 78 ವರ್ಷದ ಮಹಿಳೆ, ಡೌನ್ ಸಿಂಡ್ರೋಮ್ ಇದೆ, ಮರೆವಿನ ಕಾಯಿಲೆ ಇಲ್ಲ. ಪರೀಕ್ಷಿಸಿದರೆ ಆಕೆಯಲ್ಲಿ 21ನೆಯ ವರ್ಣತಂತುವಿನ ಒಂದು ಭಾಗ ಮಾತ್ರ ಹೆಚ್ಚಾಗಿತ್ತು, ಎಪಿಪಿ ಜೀನ್ ಇರುವ ಭಾಗ ಎರಡೇ ಪ್ರತಿ. 2006ರಲ್ಲಿ ಇದರ ಇನ್ನೊಂದು ಮುಖ ಕಂಡಿತು: ಡೌನ್ ಸಿಂಡ್ರೋಮ್ ಇಲ್ಲದೆ, ಆ ಒಂದೇ ಜೀನ್ ಇಮ್ಮಡಿಯಾಗಿದ್ದ ಫ್ರಾನ್ಸಿನ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಆಲ್ಝೈಮರ್. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫೋರ್ಟಿಯಾ ತಂಡದ ಅಧ್ಯಯನದಲ್ಲಿ ಡೌನ್ ಸಿಂಡ್ರೋಮ್ ಇದ್ದವರಿಗೆ ಡಿಮೆನ್ಷಿಯಾ ಪತ್ತೆಯಾದ ಮಧ್ಯಮ ವಯಸ್ಸು 53.7. ಬದುಕಿನ ಕೊನೆಯೊಳಗೆ ಈ ಕಾಯಿಲೆಗೆ ತುತ್ತಾಗುವ ಸಂಭವ ಶೇ. 90ಕ್ಕೂ ಮೇಲೆ. ವಂಶವಾಹಿಯಿಂದ ಬರುವ ಆಲ್ಝೈಮರ್‌ನಲ್ಲಿ ಇದು ಜಗತ್ತಿನ ಅತಿ ದೊಡ್ಡ ಗುಂಪುಗಳಲ್ಲೊಂದು.

ಇನ್ನು ನಮ್ಮ ಕಡೆ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಿಂದ 2006ರಲ್ಲಿ ಒಂದು ಗಮನಾರ್ಹ ಪ್ರಬಂಧ ಬಂತು. ಬರೆದವರು ಎಸ್.ಎಸ್. ಮಾಲಿನಿ ಮತ್ತು ಎನ್.ಬಿ. ರಾಮಚಂದ್ರ. ವರ್ಣತಂತು ಪರೀಕ್ಷೆಯಿಂದ ಖಚಿತವಾದ 69 ಕುಟುಂಬಗಳ ವಂಶವೃಕ್ಷ ಬರೆದು, 200 ಇತರ ಕುಟುಂಬಗಳ ಜೊತೆ ಹೋಲಿಸಿ ನೋಡಿದರು. ಕೆಲಸ ತಾಳ್ಮೆಯದು. ರಕ್ತದ ಬಿಳಿಕೋಶಗಳನ್ನು ಮೂರು ದಿನ ಬೆಳೆಸಬೇಕು, ವಿಭಜನೆಯ ನಡುವೆ ತಡೆದು ನಿಲ್ಲಿಸಬೇಕು, ಬಣ್ಣ ಹಾಕಿ ಒಂದೊಂದೇ ವರ್ಣತಂತು ಎಣಿಸಬೇಕು. 69ರಲ್ಲಿ 67 ಮಕ್ಕಳಿಗೆ ಪೂರ್ತಿ ಮೂರನೆಯ ಪ್ರತಿ, ಇಬ್ಬರಿಗೆ ಕೆಲವು ಕೋಶಗಳಲ್ಲಿ ಮಾತ್ರ. ಪಾಶ್ಚಾತ್ಯ ಪುಸ್ತಕಗಳು ಹೇಳುವಂತೆ ವಯಸ್ಸಾದ ತಾಯಂದಿರೇ ಇಲ್ಲಿ ಹೆಚ್ಚಿರಲಿಲ್ಲ. ಚಿಕ್ಕ ವಯಸ್ಸಿನವರೇ ಹೆಚ್ಚು. ಅವರ ದೃಷ್ಟಿ ಹೋದದ್ದು ಅಜ್ಜಿಯ ಕಡೆಗೆ: ತಾಯಿ ಹುಟ್ಟಿದಾಗ ತಾಯಿಯ ತಾಯಿಗೆ ಎಷ್ಟು ವಯಸ್ಸು? ಹೆಣ್ಣುಮಗುವಿನ ಅಂಡಾಣುಗಳು ರೂಪುಗೊಂಡು ವಿಭಜನೆಗೆ ತೊಡಗುವುದು ಅದು ಇನ್ನೂ ಅಜ್ಜಿಯ ಗರ್ಭದಲ್ಲಿರುವಾಗಲೇ. ಆದ್ದರಿಂದ ಪ್ರಶ್ನೆಗೆ ಜೀವಶಾಸ್ತ್ರದ ಆಧಾರವಿದೆ. 69 ಕುಟುಂಬ ಸಣ್ಣ ಸಂಖ್ಯೆ, ಅಜ್ಜಿಯ ವಯಸ್ಸಿನ ನಂಟನ್ನೇ ಸಿದ್ಧಾಂತ ಎಂದು ಹಿಡಿಯುವಂತಿಲ್ಲ. ಆದರೆ ಪ್ರಶ್ನೆ ನಮ್ಮ ಮನೆಗಳ ರಚನೆಯಿಂದಲೇ ಎದ್ದದ್ದು ಎಂಬುದೇ ನನಗೆ ಇದರ ಹೆಚ್ಚುಗಾರಿಕೆ. ಹಳೇ ಮೈಸೂರು ಸೀಮೆಯಲ್ಲಿ ಇಂಥ ಮಗು ಹುಟ್ಟಿದರೆ ಸೋದರಮಾವನನ್ನು ಮದುವೆಯಾದದ್ದೇ ಕಾರಣ ಎಂದು ಹೆಂಗಸಿನ ಮೇಲೆ ದೂರು ಹಾಕುವವರು ಇದ್ದಾರೆ. ಬಹುಪಾಲು ಪ್ರಕರಣಗಳಲ್ಲಿ ಇದು ವರ್ಣತಂತುಗಳು ಬೇರ್ಪಡುವಾಗ ಆಕಸ್ಮಿಕವಾಗಿ ಆಗುವ ಎಡವಟ್ಟು, ಯಾರ ತಪ್ಪೂ ಅಲ್ಲ.

ಮುಪ್ಪಿನ ಮಿದುಳಿನ ಅಧ್ಯಯನವೂ ಕರ್ನಾಟಕದಲ್ಲಿ ಬಡವಾಗಿಲ್ಲ. ನಿಮ್ಹಾನ್ಸ್‌ನಲ್ಲಿ ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಶುರುವಾದ ಮಿದುಳು ಭಂಡಾರವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜತನವಾಗಿ ಉಳಿದ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನೇ ಹುಡುಕಿ ಅವರ ಇಳಿವಯಸ್ಸಿನ ನೆನಪಿನ ಶಕ್ತಿಯನ್ನು ಮುರಳಿ ಕೃಷ್ಣ ಮತ್ತಿತರರು ಅಳೆದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ಇವು ಸಾಮಾನ್ಯ ಜನರ ಮುಪ್ಪನ್ನು ಅರಿಯಲು ಕಟ್ಟಿದ ಅಧ್ಯಯನಗಳು. ಮಾನಸಗಂಗೋತ್ರಿಯ ಪ್ರಬಂಧ ಮಗುವಿನ ಹುಟ್ಟಿನ ಹತ್ತಿರ ನಿಲ್ಲುತ್ತದೆ, ಇವು ಮುಪ್ಪಿನ ಹತ್ತಿರ ಶುರುವಾಗುತ್ತವೆ.

ಸರ್ಕಾರಿ ಯೋಜನೆಗಳಲ್ಲೂ ಇದೇ ಕಂದರ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ, ಆದರೆ ಅದು ಹದಿನೆಂಟಕ್ಕೆ ಮುಗಿಯುತ್ತದೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಅರವತ್ತಕ್ಕೆ ಶುರು. ಕಾಯಿಲೆ ಬರುವುದು ಎರಡರ ಮಧ್ಯೆ. ಹೃದಯದ ಶಸ್ತ್ರಚಿಕಿತ್ಸೆ ಹಿಂದಿಗಿಂತ ಸುಲಭವಾಗಿ ಸಿಗುವ ಈ ಕಾಲದಲ್ಲಿ ಆ ಮಧ್ಯದ ವಯಸ್ಸಿಗೆ ತಲುಪುವವರು ಹೆಚ್ಚುತ್ತಲೇ ಹೋಗುತ್ತಾರೆ.

ಪತ್ತೆಹಚ್ಚುವುದೂ ಸುಲಭವಲ್ಲ. ಇವತ್ತು ಯಾವ ವಾರ, ನೂರರಿಂದ ಏಳು ಕಳೆದರೆ ಎಷ್ಟು ಎಂದು ಕೇಳುವ ಪರೀಕ್ಷೆ ಇವರಿಗೆ ಹೊಂದುವುದಿಲ್ಲ. ಕಾಯಿಲೆ ಇಲ್ಲದಾಗಲೂ ಉತ್ತರ ಬರದಿರಬಹುದು. ಹೋಲಿಸಬೇಕಾದ್ದು ಅವರನ್ನು ಅವರ ಜೊತೆಗೇ. ಚೆಂಡು ಹೂವು ಬಿಡಿಸಿ ಚೀಲ ತುಂಬುತ್ತಿದ್ದವನು ಈಗ ಗಿಡದ ಮುಂದೆ ಸುಮ್ಮನೆ ನಿಲ್ಲುತ್ತಾನೆಯೆ? ತಾನೇ ಸ್ನಾನ ಮಾಡಿ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಕೈಯಲ್ಲಿ ಹಿಡಿದು ಯೋಚಿಸುತ್ತಾಳೆಯೆ? ಹೊಸ್ತಿಲು ದಾಟಲು ಹೆದರಿಕೆ, ವಿನಾಕಾರಣ ಹಟ, ನಲವತ್ತರ ಮೇಲೆ ಮೊದಲ ಬಾರಿಗೆ ಮೂರ್ಛೆ, ಇವೂ ಲಕ್ಷಣಗಳೇ. ಇದೆಲ್ಲ ಗೊತ್ತಿರುವುದು ಸಾಮಾನ್ಯವಾಗಿ ತಾಯಿಗೆ. ಮಗನಿಗೆ ಐವತ್ತಾಗುವ ಹೊತ್ತಿಗೆ ಆಕೆಗೆ ಎಪ್ಪತ್ತೋ ಎಂಬತ್ತೋ. ಆಕೆ ತೀರಿಕೊಂಡರೆ ಮಗನನ್ನು ನೋಡಿಕೊಳ್ಳುವ ಅಣ್ಣ ಅತ್ತಿಗೆ ಅವನನ್ನು ವೈದ್ಯರ ಮುಂದೆ ಕೂರಿಸಬಹುದು, ಆದರೆ ಅವನು ಮೊದಲು ಹೇಗಿದ್ದ ಎಂದು ಹೇಳುವವರು ಯಾರು?

ಆದ್ದರಿಂದ ಚಾಮರಾಜನಗರದ ವೈದ್ಯಕೀಯ ಕಾಲೇಜು ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಒಂದು ಕೋರಿಕೆ: ಹದಿನೆಂಟಾದ ಕೂಡಲೇ ಇವರ ಕಡತ ಮುಚ್ಚಬೇಡಿ. ಮನೆಯವರಿಗೂ ಒಂದು ಮಾತು. ಮೂವತ್ತೈದಕ್ಕೆ ಬಂದಾಗ ಅವರು ಯಾವ ಕೆಲಸ ತಾವಾಗಿ ಮಾಡುತ್ತಾರೆ, ಯಾರ ಹೆಸರು ಹೇಳುತ್ತಾರೆ, ಹೇಗೆ ನಡೆಯುತ್ತಾರೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿಟ್ಟರೂ ಆದೀತು. ಬದಲಾವಣೆ ಕಂಡರೆ ಆಲ್ಝೈಮರ್ ಎಂದು ಕೈಚೆಲ್ಲುವ ಮುನ್ನ ಥೈರಾಯ್ಡ್, ಬಿ12, ಕಿವಿ, ಕಣ್ಣಿನ ಪೊರೆ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ, ಖಿನ್ನತೆ ಇವನ್ನು ಪರೀಕ್ಷಿಸಿರಿ. ಇವೂ ಅದೇ ಬಗೆಯ ಲಕ್ಷಣ ತೋರುತ್ತವೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ.